ನಾಲ್ಕಾಣೆ ಪಾಲಿನ ಸರಳ ರೂಪ

ಹದಿನಾರರಲ್ಲಿ ನಾಲ್ಕು ಪಾಲೂ ನಾಲ್ಕರಲ್ಲಿ ಒಂದು ಪಾಲೂ ಸಮ ಎಂಬುದು ಜಗತ್ತಿನ ಎಲ್ಲ ಕಡೆಯೂ ಒಪ್ಪಿತವಾದ ಸಂಗತಿ. ಸುಂಕದಕಟ್ಟೆಯ ಬೇಕರಿಯೊಂದರ ಮೇಲಿನ ಮಹಡಿಯಲ್ಲಿರುವ ಪಾಲು ಸರಳೀಕರಣ ಕಚೇರಿಯ ವ್ಯಾಪ್ತಿ ಮಾತ್ರ ಇದಕ್ಕೆ ಹೊರತು. ಕಚೇರಿಯ ವೇಳೆಯಲ್ಲಿ ಅಲ್ಲಿ ಅವೆರಡೂ ಬೇರೆ ಬೇರೆ. ಊಟದ ವಿರಾಮದಲ್ಲಿ ಹೇಗೆ ಎಂದು ಯಾರೂ ಕೇಳಿದ್ದಿಲ್ಲ.

ಈ ವಿಷಯ ತಿಳಿಯದೆಯೇ ತುಂಗಾ ಟೀಚರ್ ವಿಜಯನಗರದ ಒಂದು ಶಾಲೆಯಲ್ಲಿ ವರ್ಷಗಟ್ಟಲೆ ಭಿನ್ನರಾಶಿಯ ಪಾಠ ಮಾಡುತ್ತ ಬಂದಿದ್ದರು. ಮೇಲಿನ ಸಂಖ್ಯೆಯನ್ನೂ ಕೆಳಗಿನ ಸಂಖ್ಯೆಯನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಬೆಲೆ ಬದಲಾಗುವುದಿಲ್ಲ ಎಂದು ಅವರು ಕಲಿಸಿದ ಮಕ್ಕಳು ಈಗ ಬೆಂಗಳೂರಿನ ತುಂಬ ಇದ್ದಾರೆ. ಅವರಲ್ಲಿ ಕೆಲವರು ಅದನ್ನು ಇನ್ನೂ ನಂಬುತ್ತಾರೆ.

ಗೋವಿಂದರಾಜನಗರದ ಮನೆಯನ್ನು ಕಟ್ಟಿಸಿದವರು ಅವರ ತಂದೆ. ಮಾಗಡಿ ರೋಡಿನಲ್ಲಿ ಪೂಜೆ ಸಾಮಾನು, ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿ ಇಟ್ಟಿದ್ದ ಆ ಮನುಷ್ಯ ಕೊನೆಯವರೆಗೂ ಆಣೆಯಲ್ಲೇ ಯೋಚಿಸುತ್ತಿದ್ದರು. ಮಳೆ ಎಂಟಾಣೆ ಆಯಿತು ಎನ್ನುತ್ತಿದ್ದರು, ಅಳಿಯಂದಿರ ಮಾತು ಹನ್ನೆರಡಾಣೆ ಸುಳ್ಳು ಎನ್ನುತ್ತಿದ್ದರು. ಉಯಿಲಿನಲ್ಲೂ ಹಾಗೆಯೇ ಬರೆಸಿದರು: ಮನೆ ಹದಿನಾರಾಣೆ, ಮಕ್ಕಳು ನಾಲ್ವರು, ತಲಾ ನಾಲ್ಕಾಣೆ. ದಾಖಲೆಗೆ ಏರಿಸಿದವರು ಅದನ್ನು ೪/೧೬ ಎಂದು ಬರೆದುಕೊಂಡರು. ಮೇಲಿನ ಮಹಡಿಯಲ್ಲಿ ಹಿರಿಯ ಮಗ ಸೇತುರಾಮ, ಕೆಳಗೆ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ತುಂಗಾ. ಇನ್ನಿಬ್ಬರು ತಂಗಿಯರು ಮೈಸೂರಿನಲ್ಲೂ ತುಮಕೂರಿನಲ್ಲೂ ಇದ್ದು, ಹಬ್ಬಕ್ಕೆ ಬಂದಾಗ ತಮ್ಮ ತಮ್ಮ ನಾಲ್ಕಾಣೆಯ ಗೋಡೆಗಳನ್ನು ಮುಟ್ಟಿ ನೋಡಿಕೊಂಡು ಹೋಗುತ್ತಿದ್ದರು.

ತೊಂದರೆ ಇದ್ದದ್ದು ನೀರಿನದು. ಇಡೀ ಮನೆಗೆ ಒಂದೇ ನಲ್ಲಿ, ಅದೂ ತೀರಿಕೊಂಡ ತಂದೆಯ ಹೆಸರಿನಲ್ಲಿ. ಕಾವೇರಿ ನೀರು ಬಂದು ಪೋರ್ಟಿಕೋದ ಕೆಳಗಿನ ಸಂಪಿನ ತೊಟ್ಟಿಗೆ ಬೀಳುತ್ತಿತ್ತು; ಅದನ್ನು ಮೇಲೆತ್ತುವ ಮೋಟಾರಿನ ಸ್ವಿಚ್ಚು ಸೇತುರಾಮರ ಅಡುಗೆಮನೆಯಲ್ಲಿತ್ತು. ಸೇತುರಾಮ ಕೆಟ್ಟವರಲ್ಲ. ಮೋಟಾರಿನ ಸ್ವಿಚ್ಚು ತಮ್ಮ ಮನೆಯಲ್ಲಿರುವ ಎಲ್ಲರ ಹಾಗೆಯೇ ಇದ್ದರು. ತಲೆಗೆ ಸೀಗೆಪುಡಿ ಹಚ್ಚಿಕೊಂಡ ತಂಗಿ ಬಚ್ಚಲಿನಿಂದ ಕೂಗುವುದೂ, ಅಣ್ಣ ಪೇಪರ್ ಓದಿ ಮುಗಿಸಿ ಎದ್ದು ಬರುವುದೂ ನಡೆದುಕೊಂಡು ಬಂದ ಪದ್ಧತಿಯಾಗಿತ್ತು. ಕೊನೆಗೆ ತುಂಗಾ ಟೀಚರ್ ತಮ್ಮ ಪಾಲಿಗೊಂದು ಬೇರೆ ನಲ್ಲಿ ಹಾಕಿಸಿಕೊಳ್ಳಲು ತೀರ್ಮಾನಿಸಿ ನೀರಿನ ಕಚೇರಿಗೆ ಹೋದರು.

ಅಲ್ಲಿನ ಕಂಪ್ಯೂಟರು ಅವರ ೪/೧೬ನ್ನು ತೆಗೆದುಕೊಳ್ಳಲಿಲ್ಲ. ‘ಪಾಲನ್ನು ಸರಳ ರೂಪದಲ್ಲಿ ನಮೂದಿಸಿ’ ಎಂದು ಕೆಂಪಕ್ಷರ ಬಂತು. ತುಂಗಾ ಟೀಚರಿಗೆ ಆ ಯಂತ್ರದ ಮೇಲೆ ಒಂದು ಬಗೆಯ ಅಭಿಮಾನವೇ ಮೂಡಿತು. ತಾವು ಮಕ್ಕಳಿಗೆ ಹೇಳುವುದನ್ನೇ ಅದೂ ಹೇಳುತ್ತಿತ್ತು. ಹಾಗಾದರೆ ೧/೪ ಎಂದು ಒತ್ತಿ ಎಂದರು. ಹಾಗೆಲ್ಲ ತಾವಾಗಿ ಒತ್ತುವಂತಿಲ್ಲ, ಸುಂಕದಕಟ್ಟೆಯಿಂದ ಸರಳ ರೂಪ ಪ್ರಮಾಣಪತ್ರ ತರಬೇಕು ಎಂದು ಅಲ್ಲಿದ್ದವರು ತಿಳಿಸಿದರು.

ಸುಂಕದಕಟ್ಟೆಯ ಕೌಂಟರಿನಲ್ಲಿದ್ದ ರಂಜಿನಿ ಎಂಬ ಹುಡುಗಿ ಅರ್ಜಿಯನ್ನು ಕೊಟ್ಟು, ತುಂಬಲು ತನ್ನ ಪೆನ್ನನ್ನೂ ಕೊಟ್ಟಳು. ‘ಅರ್ಜಿದಾರರು ಸರಳರಾಗಬಯಸುವ ಕಾರಣ’ ಎಂಬಲ್ಲಿ ಟೀಚರು ‘ನೀರು’ ಎಂದು ಬರೆದರು. ಕೆಲವು ವಾರಗಳ ನಂತರ ಆದೇಶ ಅಂಚೆಯಲ್ಲಿ ಬಂತು.

‘ಅರ್ಜಿದಾರರ ೪/೧೬ ಪಾಲನ್ನು ೧/೪ ಎಂದು ಸರಳಗೊಳಿಸಲಾಗಿದೆ. ನಿಯಮ ಏಳರನ್ವಯ ಮೇಲಿನದನ್ನು ಮೇಲಿನದರಿಂದಲೂ ಕೆಳಗಿನದನ್ನು ಕೆಳಗಿನದರಿಂದಲೂ ಕಳೆಯಲಾಗಿ, ಉಳಿದ ೩/೧೨ನ್ನು ಅರ್ಜಿದಾರರು ಸ್ವಇಚ್ಛೆಯಿಂದ ತ್ಯಜಿಸಿದ್ದಾರೆಂದು ಭಾವಿಸಿ, ಶೇಷ ಪಾಲು ಎಂದು ಕಚೇರಿಯ ವಶಕ್ಕೆ ಪಡೆಯಲಾಗಿದೆ. ಅರ್ಜಿದಾರರು ಸರಳರಾದುದಕ್ಕೆ ಅಭಿನಂದನೆಗಳು.’

ಟೀಚರ್ ಅದನ್ನು ಎರಡು ಸಲ ಓದಿದರು. ತಪ್ಪು ಉತ್ತರವನ್ನು ಇಷ್ಟು ಶುದ್ಧವಾದ ಕನ್ನಡದಲ್ಲಿ ಅವರು ಎಂದೂ ನೋಡಿರಲಿಲ್ಲ. ಮರುದಿನ ಶಾಲೆಗೆ ರಜೆ ಹಾಕಿ ಅಧೀಕ್ಷಕ ಚನ್ನವೀರಪ್ಪನವರ ಮುಂದೆ ಹೋಗಿ ಕುಳಿತರು. ಚನ್ನವೀರಪ್ಪ ಸಜ್ಜನರು, ಎದುರಿಗೆ ಬಂದವರಿಗೆ ನೀರು ಕೊಡಿಸದೆ ಅರ್ಜಿ ತಿರಸ್ಕರಿಸಿದವರಲ್ಲ.

“ಸಾರ್, ನಾನು ಏನನ್ನೂ ಬಿಟ್ಟುಕೊಟ್ಟಿಲ್ಲ,” ಎಂದರು ಟೀಚರ್. “ನಾಲ್ಕಾಣೆ ಅಂದ್ರೂ ಕಾಲು ಭಾಗ ಅಂದ್ರೂ ಒಂದೇ.”

“ಮೊದಲು ಮೇಲೆ ಎಷ್ಟಿತ್ತು ಮೇಡಂ?”

“ನಾಲ್ಕು.”

“ಈಗ?”

“ಒಂದು.”

“ಮೂರು ಎಲ್ಲಿಗೆ ಹೋಯ್ತು?”

“ಎಲ್ಲೂ ಹೋಗಿಲ್ಲ ಸಾರ್. ಮೇಲೂ ಕೆಳಗೂ ನಾಲ್ಕರಿಂದ ಭಾಗಿಸಿದ್ದು.”

“ಎಲ್ಲೂ ಹೋಗಿಲ್ಲ ಅಂತ ಫೈಲಲ್ಲಿ ಬರೆಯೋಕಾಗಲ್ಲ ಮೇಡಂ. ಆಡಿಟ್‌ನೋರು ಕೇಳ್ತಾರೆ.”

ಟೀಚರ್ ಚೀಲದಿಂದ ಏಳನೇ ತರಗತಿಯ ಗಣಿತ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟರು. ಚನ್ನವೀರಪ್ಪ ಅದನ್ನು ಗೌರವದಿಂದಲೇ ತಿರುವಿ ನೋಡಿ, ಏಳನೇ ತರಗತಿಯ ಪುಸ್ತಕ ಏಳನೇ ತರಗತಿಯವರಿಗೆ ಅನ್ವಯವಾಗುತ್ತದೆಂದೂ ತಮ್ಮ ಕಚೇರಿಯಲ್ಲಿ ಎಲ್ಲರೂ ಪದವೀಧರರೆಂದೂ ವಿವರಿಸಿದರು. ಟೀಚರ್ ಬಿಡಲಿಲ್ಲ. ಮೂರನ್ನು ಹನ್ನೆರಡರ ಮೇಲೆ ಬರೆದರೂ ಅದು ಕಾಲು ಭಾಗವೇ, ಅಂದರೆ ತಮಗೊಂದು ಕಾಲು ಕೊಟ್ಟು ಕಚೇರಿಯೂ ಒಂದು ಕಾಲನ್ನು ಇಟ್ಟುಕೊಂಡಿದೆ ಎಂದು ತೋರಿಸಿಕೊಟ್ಟರು.

“ಅದನ್ನ ಕಾಲು ಅನ್ನಬೇಕಾದ್ರೆ ಮೊದಲು ಅದು ಸರಳ ಆಗ್ಬೇಕು ಮೇಡಂ,” ಎಂದರು ಚನ್ನವೀರಪ್ಪ. “ಸರಳ ಮಾಡಿಸೋಕೆ ಅದರ ಮಾಲೀಕರು ಅರ್ಜಿ ಕೊಡ್ಬೇಕು. ಮಾಲೀಕರು ಈಗ ನಾವು. ನಮಗೆ ಸದ್ಯಕ್ಕೆ ಅಂಥ ಉದ್ದೇಶ ಇಲ್ಲ.”

ಮಾತಿನಲ್ಲಿ ಹೇಳಿದ್ದು ತಲೆಗೆ ಹೋಗದ ಮಕ್ಕಳಿಗೆ ವಸ್ತು ತೋರಿಸಿ ಹೇಳಬೇಕೆಂಬುದು ಟೀಚರ ಅನುಭವ. ಮರುವಾರ ಅವರು ಒಂದೇ ಅಳತೆಯ ಎರಡು ಒಬ್ಬಟ್ಟು ಮಾಡಿಕೊಂಡು ಹೋದರು. ಒಂದನ್ನು ನಾಲ್ಕು ತುಂಡು ಮಾಡಿ ಅದರಲ್ಲಿ ಒಂದನ್ನು ಎಡಗಡೆ ಇಟ್ಟರು. ಇನ್ನೊಂದನ್ನು ಹದಿನಾರು ತುಂಡು ಮಾಡಿ ನಾಲ್ಕನ್ನು ಬಲಗಡೆ ಇಟ್ಟರು. ಯಾವುದು ಹೆಚ್ಚು ನೋಡಿ ಹೇಳಿ ಎಂದರು. ನೋಡಿ ಹೇಳಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಚನ್ನವೀರಪ್ಪ ತಿಂದು ಹೇಳಲು ಒಪ್ಪಿದರು. ಕಣ್ಣು ಮುಚ್ಚಿಕೊಂಡು ಮೊದಲು ಎಡಗಡೆಯದನ್ನೂ ಆಮೇಲೆ ಬಲಗಡೆಯದನ್ನೂ ತಿಂದು, ಕೈ ತೊಳೆದುಕೊಂಡು ಬಂದು, ಫೈಲಿನಲ್ಲಿ ಟಿಪ್ಪಣಿ ಬರೆದರು: ‘ಖುದ್ದು ಪರಿಶೀಲಿಸಲಾಯಿತು. ಎಡಗಡೆಯದಕ್ಕೆ ಒಂದು ಸಲ, ಬಲಗಡೆಯದಕ್ಕೆ ನಾಲ್ಕು ಸಲ ಬಾಯಿ ತೆರೆಯಬೇಕಾಯಿತು. ಆದ್ದರಿಂದ ಎರಡೂ ಸಮವಲ್ಲ.’ ಉಳಿದ ತುಂಡುಗಳನ್ನು ಶೇಷವೆಂದು ಪರಿಗಣಿಸಿ ಸಿಬ್ಬಂದಿಗೆ ಹಂಚಲಾಯಿತು. ಏಲಕ್ಕಿ ಸ್ವಲ್ಪ ಮುಂದಾಗಿದೆ ಎಂದು ರಂಜಿನಿ ಮಾತ್ರ ಹೇಳಿದಳು.

ಇದಾದ ಮೇಲೆ ಶೇಷ ಪಾಲು ಮನೆಯಲ್ಲಿ ಎಲ್ಲಿದೆ ಎಂದು ಗುರುತಿಸಲು ಸರ್ವೆಯವರು ಟೇಪು ಹಿಡಿದು ಬಂದರು. ಮನೆಯ ಹಿಂದೆ ಮುಂದೆ ಓಡಾಡಿ, ನೆರಳು ಚೆನ್ನಾಗಿದೆ, ರಸ್ತೆಗೂ ಹತ್ತಿರ ಎಂಬ ತಾಂತ್ರಿಕ ಕಾರಣಗಳಿಂದ ಪೋರ್ಟಿಕೋವನ್ನು ಆರಿಸಿಕೊಂಡರು. ಸುಣ್ಣದ ಗೆರೆ ಎಳೆದು ‘ಇದು ಶೇಷ ಪಾಲು. ಅತಿಕ್ರಮ ಪ್ರವೇಶ ಶಿಕ್ಷಾರ್ಹ’ ಎಂದು ಬೋರ್ಡು ನೆಟ್ಟರು. ಸಂಪೂ ಅದರ ಒಳಗೇ ಬಂತು. ಅತಿಕ್ರಮಿಸದೆ ಮನೆಯೊಳಗೆ ಹೋಗುವುದು ಹೇಗೆಂದು ಟೀಚರ್ ಕೇಳಿದ್ದಕ್ಕೆ, ಸಾರ್ವಜನಿಕರು ಸಹಕರಿಸಬೇಕೆಂದು ಸರ್ವೆಯವರು ಕೋರಿದರು.

ಶೇಷ ಪಾಲುಗಳು ಪಾಳುಬೀಳಬಾರದೆಂಬ ಸದುದ್ದೇಶದಿಂದ ಅವನ್ನು ಅರ್ಹ ನಿರುದ್ಯೋಗಿಗಳಿಗೆ ವಹಿಸುವ ಯೋಜನೆಯೊಂದು ಕಚೇರಿಯಲ್ಲಿತ್ತು. ಅರ್ಹತೆಯ ಪರಿಶೀಲನೆಯಲ್ಲಿ ಚನ್ನವೀರಪ್ಪನವರ ಭಾವಮೈದುನ ಮೋಹನ್ ಕುಮಾರ್ ತೇರ್ಗಡೆಯಾದ. ಅವನು ಪೋರ್ಟಿಕೋದಲ್ಲಿ ಚಾಟ್ಸ್ ಅಂಗಡಿ ಇಟ್ಟ. ಸಂಜೆಯಾದರೆ ಬಸವೇಶ್ವರನಗರದ ಕಡೆಯಿಂದಲೂ ಜನ ಬಂದು ತುಂಗಾ ಟೀಚರ ಕಿಟಕಿಯ ಸರಳುಗಳಿಗೆ ಒರಗಿಕೊಂಡು ಪಾನಿಪೂರಿ ತಿನ್ನತೊಡಗಿದರು. ಒಳಗೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದ ಟೀಚರಿಗೆ, ಇನ್ನೊಂದು ಸ್ವಲ್ಪ ಖಾರ ಹಾಕಣ್ಣ ಎಂಬ ಮಾತು ತಮಗೇ ಹೇಳಿದ ಹಾಗೆ ಕೇಳುತ್ತಿತ್ತು.

ಅಣ್ಣನಾದರೂ ಜಗಳಕ್ಕೆ ನಿಲ್ಲುತ್ತಾರೆಂದು ಅವರು ಮಹಡಿ ಹತ್ತಿ ಹೋದರು. ಸೇತುರಾಮ ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ಲೆಕ್ಕದ ಮನುಷ್ಯ. ಆದೇಶವನ್ನು ಕನ್ನಡಕ ಹಾಕಿಕೊಂಡು ಓದಿದ ಅವರ ಮುಖದಲ್ಲಿ ನಿಧಾನವಾಗಿ ಒಂದು ಸಮಾಧಾನ ಹರಡಿತು.

“ನನ್ನದು ಇನ್ನೂ ನಾಲ್ಕೇ ಇದೆ ತುಂಗಾ. ನಿನ್ನದು ಒಂದಾಯ್ತು,” ಎಂದರು. “ನೀರೂ ಅದೇ ಲೆಕ್ಕದಲ್ಲಿ ಬಿಡೋದು ನ್ಯಾಯ ಅಲ್ವೇನಮ್ಮ?”

“ಅಣ್ಣ, ನಿನಗೆ ಲೆಕ್ಕ ಬರುತ್ತೆ. ನೀನೇ ನನಗೆ ಭಿನ್ನರಾಶಿ ಹೇಳಿಕೊಟ್ಟಿದ್ದು.”

“ಆಗ ನಮ್ಮ ಹೆಸರಲ್ಲಿ ಮನೆ ಇರಲಿಲ್ಲ ಕಣೇ,” ಎಂದರು ಸೇತುರಾಮ.

ಅಂದಿನಿಂದ ಮೋಟಾರು ನಾಲ್ಕು ಸಲ ಮೇಲಿನ ಮನೆಗೆ, ಒಂದು ಸಲ ಕೆಳಗಿನ ಮನೆಗೆ ಎಂದು ಓಡಿತು. ನೀರು ಸಾಲದಾದಾಗ ಟೀಚರ್ ಕೊಡ ಹಿಡಿದು ಪೋರ್ಟಿಕೋಗೆ ಬರಬೇಕಾಯಿತು. ಮೋಹನ್ ಕುಮಾರ್ ಒಳ್ಳೆಯ ಹುಡುಗ. ಗಿರಾಕಿಗಳನ್ನು ಬದಿಗೆ ಸರಿಸಿ, ಸಂಪಿನ ಮುಚ್ಚಳ ತೆಗೆದು, ತಾನೇ ಬಗ್ಗಿ ಬಕೆಟ್ಟಿನಿಂದ ಮೊಗೆದು ಕೊಡ ತುಂಬಿಸಿದ. “ತಗೊಳಿ ಆಂಟಿ, ಸಂಕೋಚ ಮಾಡ್ಕೋಬೇಡಿ. ನಮ್ಮದೇ ನೀರು,” ಎಂದ. ತುಂಗಾ ಟೀಚರ್ ಥ್ಯಾಂಕ್ಸ್ ಎಂದರು. ಅಂದ ಮೇಲೆ ಒಳಗೆ ಬಂದು ಕೊಡವನ್ನು ನೆಲದ ಮೇಲಿಟ್ಟು, ತಾವು ಆಡಿದ ಮಾತಿಗೆ ತಮ್ಮ ಮೇಲೆಯೇ ಕೋಪ ಮಾಡಿಕೊಂಡರು. ಆ ದಿನ ಅಡುಗೆ ಮಾಡಲಿಲ್ಲ.

ಅವರು ಕೊಟ್ಟ ದೂರು ಮೇಲಕ್ಕೆ ಹೋಗಿ, ಅಲ್ಲಿಂದ ಒಂದು ಸಮಿತಿಯಾಗಿ ಕೆಳಗೆ ಬಂತು. ದೂರಿನ ಸಾರಾಂಶ ಇಷ್ಟೇ: ಮೂವರದು ಒಂದೊಂದು ಕಾಲು, ತಮ್ಮದೊಂದು ಕಾಲು, ಕಚೇರಿಯದೊಂದು ಕಾಲು, ಒಂದು ಮನೆಗೆ ಐದು ಕಾಲು ಇರುವುದು ಸಾಧ್ಯವಿಲ್ಲ. ಸಮಿತಿಯವರು ಮನೆಯನ್ನು ಸುತ್ತಿ ನೋಡಿದರು, ಮಸಾಲೆಪೂರಿ ತಿಂದರು, ಅತ್ಯಂತ ನಿಷ್ಪಕ್ಷಪಾತವಾದ ವರದಿಯನ್ನೂ ಕೊಟ್ಟರು. ಮನೆಗೆ ಐದು ಕಾಲುಗಳಿರುವುದು ದಾಖಲೆಗಳಿಂದ ನಿಜವೆಂದು ಕಂಡುಬಂದಿದೆ. ಅರ್ಜಿದಾರರೇ ಇದನ್ನು ಲಿಖಿತವಾಗಿ ಒಪ್ಪಿಕೊಂಡಿದ್ದಾರೆ. ಐದನೆಯ ಕಾಲು ಕಾಲಕ್ರಮದಲ್ಲಿ ಬೆಳೆದಿರಬಹುದು. ಈವರೆಗೆ ಅದನ್ನು ಮುಚ್ಚಿಟ್ಟದ್ದಕ್ಕೆ ಮನೆಯವರಿಗೆ ಎಚ್ಚರಿಕೆ ನೀಡಲಾಗಿದೆ. ಮನೆ ಬೆಳೆದಿದೆ ಎಂಬ ಭಾಗವನ್ನು ಓದಿ ಸೇತುರಾಮ ಮೈಸೂರಿಗೂ ತುಮಕೂರಿಗೂ ಫೋನು ಮಾಡಿ ತಂಗಿಯರಿಗೆ ತಿಳಿಸಿದರು. ಅಪ್ಪನ ಕೈಗುಣ ಎಂದು ಅವರೂ ಸಂತೋಷಪಟ್ಟರು.

ಗೋವಿಂದರಾಜನಗರದ ಯಶಸ್ಸನ್ನು ಕಂಡು ಕಚೇರಿ ಸರಳೀಕರಣ ಮಾಸಾಚರಣೆಯನ್ನು ಹಮ್ಮಿಕೊಂಡಿತು. ಮೈಕು ಕಟ್ಟಿದ ಆಟೋ ಮಲ್ಲತ್ತಹಳ್ಳಿಯ ಕೆರೆ ಏರಿಯಿಂದ ಮಾಗಡಿ ರೋಡಿನವರೆಗೆ ಸಂಚರಿಸಿತು. ‘ಮಾನ್ಯ ನಾಗರಿಕರೇ, ನಿಮ್ಮ ಮನೆಯಲ್ಲಿ ಅಥವಾ ಅಕ್ಕಪಕ್ಕದಲ್ಲಿ ಸರಳಗೊಳ್ಳದ ಪಾಲುಗಳು ಕಂಡುಬಂದಲ್ಲಿ ಕೂಡಲೇ ತಿಳಿಸಿ. ಎರಡು ನಾಲ್ಕಾಂಶ, ಮೂರು ಆರಾಂಶ ಮುಂತಾದವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪಾಯಕಾರಿ.’ ಜನ ಬುದ್ಧಿವಂತರು. ಸರಳವಾಗುವುದೆಂದರೆ ಪೋರ್ಟಿಕೋ ಕಳೆದುಕೊಳ್ಳುವುದು ಎಂದು ಎಲ್ಲರಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ಯಾರೂ ಅರ್ಜಿ ಕೊಡಲಿಲ್ಲ. ಕೊಡುವ ಅಗತ್ಯವಿಲ್ಲ, ಸುಮ್ಮನಿರುವುದನ್ನೇ ಸಮ್ಮತಿಯೆಂದು ಭಾವಿಸಲಾಗುವುದು ಎಂದು ಆಟೋ ಮರುವಾರ ಬಂದು ಹೇಳಿ ಹೋಯಿತು. ಬೀದಿ ಬೀದಿಗಳಲ್ಲಿ ಸುಣ್ಣದ ಗೆರೆಗಳು ಬಿದ್ದವು. ಚನ್ನವೀರಪ್ಪನವರ ನೆಂಟರಿಷ್ಟರಲ್ಲಿ ನಿರುದ್ಯೋಗ ಎಂಬುದು ಹೇಳಹೆಸರಿಲ್ಲದಂತಾಯಿತು.

ಇಷ್ಟಾದರೂ ತುಂಗಾ ಟೀಚರಿಗೆ ನಲ್ಲಿ ಬಂದಿರಲಿಲ್ಲ. ಕಂಪ್ಯೂಟರೇನೋ ಅವರ ೧/೪ನ್ನು ಸಂತೋಷದಿಂದ ತೆಗೆದುಕೊಂಡಿತ್ತು. ಆದರೆ ಕೊಳವೆ ಶೇಷ ಪಾಲನ್ನು ದಾಟಿ ಬರಬೇಕಿತ್ತು, ಶೇಷ ಪಾಲಿನಲ್ಲಿ ನೆಲ ಅಗೆದರೆ ಪಾನಿಪೂರಿ ವ್ಯಾಪಾರಕ್ಕೆ ತೊಂದರೆಯಾಗುತ್ತಿತ್ತು. ಅವರು ಮತ್ತೆ ಸುಂಕದಕಟ್ಟೆಗೆ ಹೋದ ದಿನ ಕೌಂಟರಿನಲ್ಲಿ ಜನ ಇರಲಿಲ್ಲ. ರಂಜಿನಿ ಅವರನ್ನು ಪಕ್ಕಕ್ಕೆ ಕರೆದು, ನಿಯಮ ಹತ್ತೊಂಬತ್ತರಲ್ಲಿ ವಿಲೀನ ಎಂದೊಂದಿದೆ, ಶೇಷ ಪಾಲಿನ ಪಕ್ಕದವರು ಕೇಳಿದರೆ ಅದನ್ನು ಅವರ ಪಾಲಿಗೆ ಸೇರಿಸಿ ಕೊಡಲೇಬೇಕು, ಯಾರಿಗೂ ಗೊತ್ತಿಲ್ಲದ್ದರಿಂದ ಯಾರೂ ಕೇಳುವುದಿಲ್ಲ ಎಂದು ತಿಳಿಸಿದಳು. ಮೋಹನ್ ಕುಮಾರನಿಗೆ ಬಸವೇಶ್ವರನಗರದಲ್ಲಿ ಇನ್ನೂ ದೊಡ್ಡ ಪೋರ್ಟಿಕೋ ಸಿಕ್ಕಿದೆ, ಸಾಹೇಬರು ಈಗ ಅಡ್ಡಿ ಮಾಡುವುದಿಲ್ಲ ಎಂದೂ ಸೇರಿಸಿದಳು.

ಚನ್ನವೀರಪ್ಪ ಅಡ್ಡಿ ಮಾಡಲಿಲ್ಲ. ನಿಯಮದ ಪ್ರಕಾರ ಕೂಡಿಸುವ ಲೆಕ್ಕವನ್ನು ಅರ್ಜಿದಾರರೇ ಸ್ವಹಸ್ತದಿಂದ ಬರೆದು, ಕೆಳಗೆ ತಮ್ಮ ಹುದ್ದೆಯನ್ನೂ ನಮೂದಿಸಿ ಸಹಿ ಮಾಡಬೇಕೆಂದರು. ಟೀಚರ್ ೧/೪ + ೩/೧೨ ಎಂದು ಬರೆದು, ಸಮ ಚಿಹ್ನೆ ಹಾಕಿ, ಅರ್ಧ ಎಂದು ಬರೆಯಲು ಹೊರಟರು. ಅವರ ಕೈ ತಾನಾಗಿಯೇ ಅತ್ತ ಹೋಗುತ್ತಿತ್ತು.

“ಅರ್ಧ ಅಂದ್ರೆ ಹೇಗೆ ಮೇಡಂ?” ಎಂದರು ಚನ್ನವೀರಪ್ಪ. ಮೊದಲ ಸಲ ಅವರ ದನಿಯಲ್ಲಿ ನೋವಿತ್ತು. “ಅರ್ಧ ಮನೆ ನಿಮಗೆ ಕೊಟ್ರೆ ನಿಮ್ಮ ಅಣ್ಣ, ತಂಗಿಯರು ಏನು ಮಾಡ್ಬೇಕು? ನೀವು ಟೀಚರು, ನೀವೇ ಹೀಗೆ ಮಾಡಿದ್ರೆ? ಮೇಲಿನದು ಮೇಲಿನದಕ್ಕೆ ಕೂಡ್ಸಿ, ಕೆಳಗಿನದು ಕೆಳಗಿನದಕ್ಕೆ.”

ಒಂದೂ ಮೂರೂ ನಾಲ್ಕು. ನಾಲ್ಕೂ ಹನ್ನೆರಡೂ ಹದಿನಾರು. ಈ ತಪ್ಪನ್ನು ಅವರು ಅದೆಷ್ಟು ಮಕ್ಕಳ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಹೊಡೆದು ಹಾಕಿದ್ದರೋ! ಎಷ್ಟು ಮಕ್ಕಳನ್ನು ಹತ್ತಿರ ಕರೆದು, ಛೇದ ಬೇರೆ ಇದ್ದಾಗ ಹಾಗೆ ಕೂಡಿಸಬಾರದು ಕಂದ ಎಂದಿದ್ದರೋ! ಈಗ ಪೆನ್ನು ತಮ್ಮ ಕೈಯಲ್ಲೇ ಇತ್ತು. ಸರಿಯಾದ ಲೆಕ್ಕ ಮಾಡಿದರೆ ತಮ್ಮದಲ್ಲದ ಕಾಲು ಭಾಗ ತಮಗೆ ಬರುತ್ತದೆ, ಅದು ಅನ್ಯಾಯ. ತಪ್ಪು ಲೆಕ್ಕ ಮಾಡಿದರೆ ಅಪ್ಪ ಕೊಟ್ಟ ನಾಲ್ಕಾಣೆ ಅಪ್ಪ ಕೊಟ್ಟ ಹಾಗೆಯೇ ಕೈಗೆ ಸಿಗುತ್ತದೆ. ಒಂದು ತಪ್ಪನ್ನು ತಿದ್ದಲು ಅಷ್ಟೇ ಅಳತೆಯ ಇನ್ನೊಂದು ತಪ್ಪು ಬೇಕಾಗಿತ್ತು. ಅದನ್ನು ಪದವೀಧರರು ಮೊದಲೇ ಯೋಚಿಸಿ ನಿಯಮದಲ್ಲಿ ಇಟ್ಟಿದ್ದರು. ತುಂಗಾ ಟೀಚರ್ ೪/೧೬ ಎಂದು ದುಂಡಾಗಿ ಬರೆದು, ಗಣಿತ ಶಿಕ್ಷಕಿ ಎಂದು ಸಹಿ ಮಾಡಿದರು. ಕಾಗದ ತಮ್ಮ ಕೈಯಿಂದ ಹೋದ ಮೇಲೆ ಒರೆಸಿಕೊಳ್ಳುವವರ ಹಾಗೆ ಬೆರಳುಗಳನ್ನು ಸೆರಗಿಗೆ ಉಜ್ಜಿಕೊಂಡರು.

ವಿಲೀನವಾಗಿ ಬಂದ ಪಾಲುಗಳನ್ನು ಸರಳವೆಂದೇ ತಿಳಿಯತಕ್ಕದ್ದು ಎಂದು ಚನ್ನವೀರಪ್ಪ ಒಂದು ಷರಾ ಬರೆದುಕೊಟ್ಟರು. ಕಂಪ್ಯೂಟರು ಷರಾ ಇದ್ದರೆ ಏನನ್ನೂ ಒಪ್ಪುತ್ತಿತ್ತು. ಬೋರ್ಡು ಹೋಯಿತು, ನೆಲ ಅಗೆದರು, ನಲ್ಲಿ ಬಂತು. ಮೊದಲ ದಿನ ನೀರು ಬಂದಾಗ ಸೇತುರಾಮ ಮೇಲಿನಿಂದ ಇಣುಕಿ ನೋಡಿದರು. ಆಮೇಲೆ ಕೆಳಗಿಳಿದು ಬಂದು, ನಾಲ್ಕಾದೆಯಂತಲ್ಲಮ್ಮ, ಸಂತೋಷ ಎಂದು ಹೇಳಿ ಕಾಫಿ ಕುಡಿದು ಹೋದರು. ಅವರ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ.

ಈ ನಡುವೆ ಕಚೇರಿಗೆ ಬೇರೊಂದು ತಲೆನೋವು ಹತ್ತಿಕೊಂಡಿತು. ಪೋರ್ಟಿಕೋ ಕಳೆದುಕೊಂಡ ತಂದೆತಾಯಿಗಳು ಮಕ್ಕಳ ಗಣಿತದ ಉತ್ತರಪತ್ರಿಕೆಗಳನ್ನು ತಂದು, ಇಗೋ ನಮ್ಮ ಮಗಳು ಎರಡು ನಾಲ್ಕಾಂಶವೂ ಅರ್ಧವೂ ಒಂದೇ ಅಂತ ಬರೆದಿದ್ದಾಳೆ, ಟೀಚರು ಸರಿ ಹಾಕಿದ್ದಾರೆ ಎಂದು ವಾದಿಸತೊಡಗಿದರು. ಕೂಡಲೇ ಪಶ್ಚಿಮ ಭಾಗದ ಶಾಲೆಗಳಿಗೆಲ್ಲ ಒಂದು ಸುತ್ತೋಲೆ ಬಂತು, ಜತೆಗೆ ಶಾಲೆಗೊಂದು ರಬ್ಬರ್ ಮುದ್ರೆ. ಭಿನ್ನರಾಶಿಯ ಪ್ರತಿಯೊಂದು ಸರಿಯುತ್ತರದ ಕೆಳಗೆ ‘ಈ ಉತ್ತರ ಶಾಲಾ ಉಪಯೋಗಕ್ಕೆ ಮಾತ್ರ’ ಎಂದು ಒತ್ತಬೇಕು. ತಪ್ಪು ಉತ್ತರಗಳಿಗೆ ಮುದ್ರೆ ಬೇಕಿಲ್ಲ; ಅವು ಎಲ್ಲ ಕಡೆಯೂ ನಡೆಯುತ್ತವೆ.

ಸ್ಟಾಫ್ ರೂಮಿನಲ್ಲಿ ಒಂದಿಬ್ಬರು ನಕ್ಕರು. ಮುದ್ರೆ ಒತ್ತುವುದಕ್ಕೆ ಪೀರಿಯಡ್ ಬಿಡುವು ಕೊಡುತ್ತಾರೆಂದು ತಿಳಿದ ಮೇಲೆ ನಗಲಿಲ್ಲ. ತುಂಗಾ ಟೀಚರ್ ಮೊದಲ ದಿನ ಮುದ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಎರಡನೆಯ ದಿನ ಮಗುವೊಂದರ ಅಚ್ಚುಕಟ್ಟಾದ ಉತ್ತರದ ಕೆಳಗೆ, ಅಂಕಿಗಳಿಗೆ ತಾಗದ ಹಾಗೆ, ಮೆಲ್ಲಗೆ ಒತ್ತಿದರು. ಆಮೇಲೆ ಕೈಗೆ ರೂಢಿಯಾಯಿತು.

ಕಿರುಪರೀಕ್ಷೆಯ ಪತ್ರಿಕೆ ಕೊಟ್ಟ ಮರುದಿನ ಮಾಲವಿಕಾ ಎಂಬ ಹುಡುಗಿಯ ತಾಯಿ ಬಸವರಾಜೇಶ್ವರಿ ಶಾಲೆಗೆ ಬಂದರು. ಮಗಳು ಹನ್ನೆರಡು ಹದಿನೆಂಟಾಂಶವನ್ನು ಎರಡು ಮೂರಾಂಶಕ್ಕೆ ಇಳಿಸಿ ಪೂರ್ತಿ ಅಂಕ ತೆಗೆದಿದ್ದಳು. ಆಕೆ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ತೋರಿಸಿದರು. ಇಷ್ಟು ದಿನಕ್ಕೆ ಒಬ್ಬರಾದರೂ ಕೇಳಲು ಬಂದರಲ್ಲ ಎಂದು ತುಂಗಾ ಟೀಚರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

“ನೋಡಿ ಟೀಚರ್, ಬೇರೆ ಮಕ್ಕಳದ್ದೆಲ್ಲ ನೀಟಾಗಿ ಬಿದ್ದಿದೆ,” ಎಂದರು ಬಸವರಾಜೇಶ್ವರಿ. “ಇವಳದ್ದು ಸೀಲು ಮಸಿಯಾಗಿಬಿಟ್ಟಿದೆ. ‘ಮಾತ್ರ’ ಅನ್ನೋದು ಕಾಣೋದೇ ಇಲ್ಲ. ನಾಳೆ ಏನಾದ್ರೂ ತೊಂದರೆ ಆಗ್ಬಾರದು ನೋಡಿ.”

ಆಗಬಾರದು ಎಂದು ತುಂಗಾ ಟೀಚರೂ ಒಪ್ಪಿಕೊಂಡರು. ಡ್ರಾಯರಿನಿಂದ ಮುದ್ರೆ ತೆಗೆದು, ಇಂಕ್ ಪ್ಯಾಡಿಗೆ ಒತ್ತಿ, ಈ ಸಲ ನೆಟ್ಟಗೆ ಬೀಳುವಂತೆ ಹಾಕಿ, ಒಣಗಲೆಂದು ಬಾಯಿಂದ ಊದಿ ಕೊಟ್ಟರು.